ನಂಜನಗೂಡಿನ ಕಲ್ಲು ಸೇತುವೆಯ ಮೇಲೊಂದು ಮಾದರಿ ರೈಲು

ಮೈಸೂರಿನಿಂದ ನಂಜನಗೂಡಿಗೆ ಮೀಟರ್‌ಗೇಜ್ ಹಳಿ, ಅಂದರೆ ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಂತರವಿರುವ ಹಳಿ, ಬಂದದ್ದು 1891ರಲ್ಲಿ. ಅದು ಚಾಮರಾಜನಗರವನ್ನು ಮುಟ್ಟಿದ್ದು 1926ರಲ್ಲಿ. ಮಾರ್ಗ ಬ್ರಾಡ್‌ಗೇಜ್ ಆಗುವವರೆಗೂ ರೈಲು ಕಪಿಲೆಯನ್ನು ದಾಟುತ್ತಿದ್ದುದು ದಳವಾಯಿಗಳ ಕಾಲದ, 1735ರ ಕಲ್ಲು ಸೇತುವೆಯ ಮೇಲೆ, ರಸ್ತೆಯ ಮಗ್ಗುಲಲ್ಲೇ. ಬಸ್ಸು, ಎತ್ತಿನ ಗಾಡಿ, ರೈಲು ಎಲ್ಲವನ್ನೂ ಹೊತ್ತಿದ್ದ ಆ ಸೇತುವೆಯನ್ನೇ ನನ್ನ ಮಾದರಿಯ ಕೇಂದ್ರವಾಗಿ ಆರಿಸಿಕೊಂಡೆ.

ಮೀಟರ್‌ಗೇಜ್ ಕಾಲವನ್ನು ಆರಿಸಿಕೊಳ್ಳಲು ಲೆಕ್ಕಾಚಾರವೂ ಒಂದು ಕಾರಣ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ‘ಎಚ್‌ಒ’ ಎಂಬ 1:87 ಅಳತೆಯ, ಅಂದರೆ ನಿಜದ 87ನೇ ಒಂದು ಭಾಗದಷ್ಟಿರುವ ಮಾದರಿ; ಅದರ ಹಳಿಯ ಅಗಲ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್ ಇರುವುದರಿಂದ ಅದೇ ಅಳತೆಯಲ್ಲಿ 19 ಮಿಲಿಮೀಟರಿಗೂ ಹೆಚ್ಚು ಬೇಕು. ಹಾಗಾಗಿ ಎಷ್ಟೇ ಶ್ರದ್ಧೆಯಿಂದ ಮಾಡಿದರೂ ರೈಲು ಹಳಿಗಿಂತ ದಪ್ಪನಾಗಿ ಕಾಣುತ್ತದೆ. ಮೀಟರ್‌ಗೇಜಿಗೆ ಬೇಕಾದದ್ದು ಸುಮಾರು 11.5 ಮಿಲಿಮೀಟರ್, ಸ್ವಿಸ್ ಪರ್ವತ ರೈಲುಗಳ ಮಾದರಿಗಳಿಗಾಗಿ ತಯಾರಾಗುವ ಹಳಿ 12 ಮಿಲಿಮೀಟರ್. ಈ ವ್ಯತ್ಯಾಸ ಕಣ್ಣಿಗೆ ತಿಳಿಯುವುದಿಲ್ಲ. ನಮ್ಮ ಭಾಗದ ಹಳೆಯ ಮಾರ್ಗಗಳನ್ನು ಮಾಡಬಯಸುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಮೈಸೂರಿನಿಂದ ನಂಜನಗೂಡಿಗಿರುವ ಸುಮಾರು 25 ಕಿಲೋಮೀಟರ್ ದೂರವನ್ನು ಇದೇ ಅಳತೆಗೆ ಇಳಿಸಿದರೂ 280 ಮೀಟರಿಗಿಂತ ಉದ್ದವಾಗುತ್ತದೆ. ನನ್ನ ಹಲಗೆಯ ಉದ್ದ ಎಂಟು ಅಡಿ. ಕಡಕೊಳ, ತಾಂಡವಪುರ, ಸುಜಾತಪುರಂಗಳನ್ನೆಲ್ಲ ಬಿಟ್ಟು ನದಿಯ ಎರಡು ದಡಗಳನ್ನಷ್ಟೇ ಇಟ್ಟುಕೊಂಡೆ. ಸೇತುವೆಯನ್ನೂ ಪೂರ್ತಿ ಉದ್ದಕ್ಕೆ ಮಾಡಲಾಗದು. ಆದರೆ ಕಮಾನುಗಳನ್ನು ಕುಗ್ಗಿಸುವ ಬದಲು ಅವುಗಳ ಸಂಖ್ಯೆಯನ್ನು ಕಡಿಮೆ ಮಾಡಿದೆ; ಪ್ರತಿಯೊಂದು ಕಮಾನಿನ ಅಗಲ, ಎತ್ತರ, ಕಂಬದ ದಪ್ಪ ಸ್ಥಳದಲ್ಲಿ ಟೇಪು ಹಿಡಿದು ಅಳೆದಂತೆಯೇ ಉಳಿದಿವೆ. ಆ ಸೇತುವೆಯನ್ನು ಬಲ್ಲವರು ಗುರುತು ಹಿಡಿಯುವುದು ಅದರ ಉದ್ದದಿಂದಲ್ಲ, ಮೋಟಾದ ಕಂಬಗಳ ನಡುವಿನ ಕಿರಿದಾದ ಕಮಾನುಗಳಿಂದ.

ಒಳಗಿನ ಚೌಕಟ್ಟಿಗೆ ಸನ್‌ಬೋರ್ಡ್ ಎಂಬ ಹಗುರವಾದ ಫೋಮ್ ಹಲಗೆ ಬಳಸಿ, ಹೊರಮೈಗೆ ಗಾಜಿನ ಮೇಲೆ ತೆಳುವಾಗಿ ಎರೆದ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಳೆಗಳನ್ನು ಅಂಟಿಸಿದೆ. ಪ್ಲಾಸ್ಟರ್ ಗಟ್ಟಿಯಾಗಿ, ಇನ್ನೂ ಹಸಿ ಆರದಿರುವಾಗ ದಬ್ಬಣದಿಂದ ಕಲ್ಲಿನ ಸಂದುಗಳನ್ನು ಗೀರಬೇಕು. ಪೂರ್ತಿ ಒಣಗಿದ ಮೇಲೆ ಗೀರಿದರೆ ಅಂಚು ಸಿಡಿಯುತ್ತದೆ. ಒಂದಡಿ ಎತ್ತರದ ಕಲ್ಲು ಇಲ್ಲಿ ಮೂರೂವರೆ ಮಿಲಿಮೀಟರ್ ಮಾತ್ರ. ಸಾಲುಗಳು ನೇರವಾಗಿದ್ದರೂ ಕಲ್ಲುಗಳ ಉದ್ದ ಬೇರೆಬೇರೆಯಾಗಿರಬೇಕು, ಇಲ್ಲದಿದ್ದರೆ ಇಟ್ಟಿಗೆ ಗೋಡೆಯಂತೆ ಕಾಣುತ್ತದೆ. ಮೊದಲು ತಿಳಿಬೂದು ಬಣ್ಣ ಬಳಿದು, ಕಪ್ಪು ಮತ್ತು ಕಂದು ಬೆರೆಸಿದ ನೀರುಬಣ್ಣವನ್ನು ಸಂದುಗಳಿಗೆ ಹರಿಯಬಿಟ್ಟೆ. ಕೊನೆಗೆ ಬಹುತೇಕ ಒಣಗಿದ ಕುಂಚಕ್ಕೆ ಮಾಸಲು ಬಿಳಿ ಹಚ್ಚಿ ಕಲ್ಲಿನ ಏಣುಗಳ ಮೇಲಷ್ಟೇ ಸವರಿದೆ. ಕಂಬಗಳ ಬುಡದಲ್ಲಿ ನದಿ ಏರಿಳಿದ ಕಲೆಯನ್ನು ಹಾಕಿದಾಗ ಸೇತುವೆಗೆ ತೂಕ ಬಂತು.

ಹಳಿಯ ಜಲ್ಲಿಗೆ ಎಂ-ಸ್ಯಾಂಡನ್ನು ಒಂದರಿಯಲ್ಲಿ ಜಾಲಿಸಿ ಉಪಯೋಗಿಸಿದೆ. ಜಾಲಿಸಿದ ಪುಡಿಯ ಮೇಲೆ ಅಯಸ್ಕಾಂತವನ್ನು ಆಡಿಸುವುದು ಕಡ್ಡಾಯ, ಏಕೆಂದರೆ ಕಬ್ಬಿಣದ ಕಣಗಳು ಉಳಿದರೆ ಎಂಜಿನ್ನಿನ ಮೋಟರಿನೊಳಗೆ ಸೇರಿಕೊಳ್ಳುತ್ತವೆ. ಪುಡಿಯನ್ನು ಸ್ಲೀಪರುಗಳ ನಡುವೆ ಹರಡಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರನ್ನು ಸಿಂಪಡಿಸಿ, ನಂತರ ನೀರಾಗಿಸಿದ ಫೆವಿಕಾಲನ್ನು ಸಿರಿಂಜಿನಿಂದ ಬಿಟ್ಟರೆ ಒಂದು ಕಣವೂ ಕದಲುವುದಿಲ್ಲ.

ವೈಡಿಎಂ-4 ಡೀಸೆಲ್ ಎಂಜಿನ್ನಿಗೆ ‘ಟಿಟಿ’ ಎಂಬ 1:120 ಅಳತೆಯ ಮಾದರಿಯೊಂದರ ಆರು ಆಕ್ಸೆಲ್‌ಗಳ ಚಾಸಿ (ಗಾಲಿಗಳಿರುವ ಕೆಳಭಾಗ) ಹೊಂದಿತು, ಏಕೆಂದರೆ ಆ ಮಾದರಿಗಳ ಹಳಿಯೂ 12 ಮಿಲಿಮೀಟರಿನದೇ. ಗಾಲಿಗಳು ತುಸು ಚಿಕ್ಕವಾದರೂ ಬೋಗಿಯ, ಅಂದರೆ ಗಾಲಿಗಳನ್ನು ಹಿಡಿದಿರುವ ಚೌಕಟ್ಟಿನ, ಪಕ್ಕಪಟ್ಟಿಗಳ ಹಿಂದೆ ಮರೆಯಾಗುತ್ತವೆ. ಮೇಲಿನ ಒಡಲನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿ ಕಟ್ಟಿದೆ.

ಶ್ರೀಕಂಠೇಶ್ವರ ದೇವಾಲಯದ ಗೋಪುರವನ್ನು ಬಿಡುವ ಮಾತೇ ಇರಲಿಲ್ಲ. ಸುಮಾರು 120 ಅಡಿಯ ಆ ಗೋಪುರ 1:87ರಲ್ಲಿ 42 ಸೆಂಟಿಮೀಟರ್ ಆಗಿ ಸೇತುವೆಯನ್ನೇ ನುಂಗಿಬಿಡುತ್ತಿತ್ತು. ಅದನ್ನು 1:160ರಲ್ಲಿ, 23 ಸೆಂಟಿಮೀಟರಿಗೆ ಇಳಿಸಿ ಹಿಂದಿನ ಅಂಚಿನಲ್ಲಿ ನಿಲ್ಲಿಸಿದೆ. ನಡುವೆ ತೆಂಗು ಮತ್ತು ರಸಬಾಳೆಯ ತೋಟಗಳು ಹಿಂದಕ್ಕೆ ಹೋದಂತೆ ಗಿಡ್ಡವಾಗುತ್ತವೆ. ಈಗ ಗೋಪುರ ದೂರದಲ್ಲಿರುವಂತೆ ತೋರುತ್ತದೆ.

ಮೊದಲ ಹಲಗೆಯ ಅಂಚಿನಲ್ಲಿ ಬೋಲ್ಟುಗಳಿಗೆ ತೂತುಗಳನ್ನು ಕೊರೆದಿಟ್ಟಿದ್ದೇನೆ. ನಂಜನಗೂಡು ನಿಲ್ದಾಣ ಮತ್ತು ಅದರ ಕೈಮರ ಸಿಗ್ನಲ್‌ಗಳು ಬರಬೇಕಾದದ್ದು ಅಲ್ಲಿಗೆ ಸೇರುವ ಎರಡನೆಯ ಹಲಗೆಯ ಮೇಲೆ. ಅದರ ಚೌಕಟ್ಟಿನ ಕೆಲಸ ನಡೆಯುತ್ತಿದೆ.