ಕೆನಡಾದ ಜೂನಿಯರ್ ಐಸ್ ಹಾಕಿ ತಂಡಕ್ಕೆ ಮಕ್ಕಳನ್ನು ಹೇಗೆ ಆರಿಸುತ್ತಾರೆ? ಅಲ್ಲಿರುವ ನಮ್ಮ ಕರಾವಳಿಯವರಿಗಾಗಿ

ಮೊದಲೇ ಹೇಳಿಬಿಡುತ್ತೇನೆ, ಕೆನಡಾದ ರಾಷ್ಟ್ರೀಯ ಜೂನಿಯರ್ ಐಸ್ ಹಾಕಿ ತಂಡಕ್ಕೆ ಅರ್ಜಿ ಹಾಕಲಿಕ್ಕೆ ಆಗುವುದಿಲ್ಲ. ಫಾರ್ಮ್ ಇಲ್ಲ, ಫೀಸ್ ಇಲ್ಲ, ಇಂಥ ದಿನ ಇಂಥ ರಿಂಕಿಗೆ (ಮಂಜಿನ ಅಂಗಣಕ್ಕೆ) ಬನ್ನಿ ಎನ್ನುವ ಪ್ರಕಟಣೆಯೂ ಇಲ್ಲ. ಡಿಸೆಂಬರ್ ರಜೆಗೆ ಉಡುಪಿಗೆ ಬರುವ ಕೆನಡಾದ ನೆಂಟರು, ಅವರಿಗಿಂತ ಜಾಸ್ತಿ ಇಲ್ಲೇ ಇರುವ ಅವರ ಅಪ್ಪ ಅಮ್ಮ, ನನ್ನ ಹತ್ತಿರ ಕೇಳುವುದು ಮಾತ್ರ ಇದನ್ನೇ: "ಪುಳ್ಳಿ ಭಾರೀ ಒಳ್ಳೆ ಆಡ್ತಾನಂತೆ, ದೇಶದ ಟೀಮಿಗೆ ಸೆಲೆಕ್ಷನ್ ಯಾವಾಗ ಮಾರಾಯ್ರೆ?" ಒಂಟಾರಿಯೊದಲ್ಲಿ ಇಬ್ಬರು ಮಕ್ಕಳನ್ನು ಬೆಳಗಿನ ಜಾವ ರಿಂಕಿಗೆ ಕರೆದುಕೊಂಡು ಹೋಗಿ, ಈಗ ಊರಿಗೆ ಬಂದು ನೆಲೆಸಿದವಳು ನಾನು. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಂದೇ ಕಡೆ ಬರೆದಿಡುವುದು ಒಳ್ಳೆಯದು ಅನಿಸಿತು.

ನಮ್ಮ ಕಡೆಯ ಲೆಕ್ಕ ಗೊತ್ತಲ್ವಾ? ಶಾಲೆಯ ಪಿ.ಟಿ. ಮಾಸ್ಟ್ರು ಹೆಸರು ಕಳಿಸುತ್ತಾರೆ, ವಲಯ ಆಗುತ್ತದೆ, ತಾಲೂಕು ಆಗುತ್ತದೆ, ಅಜ್ಜರಕಾಡಿನಲ್ಲೋ ಮಂಗಳಾ ಸ್ಟೇಡಿಯಂನಲ್ಲೋ ಜಿಲ್ಲಾ ಮಟ್ಟ ಆಗುತ್ತದೆ, ಆಮೇಲೆ ವಿಭಾಗ, ರಾಜ್ಯ. ಪ್ರತಿ ಮಟ್ಟಕ್ಕೂ ಒಂದು ಸರ್ಟಿಫಿಕೇಟ್, ಮುಂದೆ ಸೀಟಿಗೂ ಅದು ಬೇಕಾಗುತ್ತದೆ. ಕೆನಡಾದಲ್ಲಿ ಹಾಕಿಗೂ ನಿಮ್ಮ ಮಗ ಹೋಗುವ ಸರ್ಕಾರಿ ಶಾಲೆಗೂ ಹೆಚ್ಚಿನ ಸಂಬಂಧ ಇಲ್ಲ. ಅಲ್ಲಿ ಎಲ್ಲವೂ ಊರಿನ ಮೈನರ್ ಹಾಕಿ ಅಸೋಸಿಯೇಷನ್ ಮೂಲಕ. ಆ ಅಸೋಸಿಯೇಷನ್ ಪ್ರಾಂತ್ಯದ ಸಂಸ್ಥೆಯ ಕೆಳಗೆ ಬರುತ್ತದೆ. ಅಂಥ 13 ಸಂಸ್ಥೆಗಳು ಸೇರಿದ್ದೇ ಹಾಕಿ ಕೆನಡಾ. ದೇಶದ ತಂಡ ಕಟ್ಟುವುದು ಹಾಕಿ ಕೆನಡಾ. ಆದರೆ ಅದು ಹುಡುಗರನ್ನು ಹುಡುಕುವುದು ಲೀಗ್ ಪಂದ್ಯಗಳಲ್ಲಿ. ಹಾಗಾಗಿ ತಂದೆ ತಾಯಿಗೆ ಇರುವ ಕೆಲಸ ಒಂದೇ, ಯಾವ ವಯಸ್ಸಿಗೆ ಮಗು ಯಾವ ಲೀಗಿನಲ್ಲಿ ಆಡಬೇಕು ಎಂದು ಸರಿಯಾಗಿ ನಿರ್ಧರಿಸುವುದು.

ಸಣ್ಣ ಮಕ್ಕಳಿಂದ ಶುರು ಮಾಡುತ್ತೇನೆ. ಯು7, ಯು9, ಯು11, ಯು13, ಯು15, ಯು18 ಎಂದು ವಯಸ್ಸಿನ ಗುಂಪುಗಳಿವೆ, ಯು9 ಅಂದರೆ ಒಂಬತ್ತರ ಒಳಗಿನವರು. ಹಳಬರು ಇನ್ನೂ ಆಟಮ್, ಪೀವೀ, ಬ್ಯಾಂಟಮ್ ಅನ್ನುತ್ತಾರೆ, ಗಾಬರಿ ಆಗಬೇಡಿ, 2020ರಲ್ಲಿ ಆ ಹೆಸರುಗಳನ್ನು ಬಿಟ್ಟರು. ಯು7, ಯು9 ಮಕ್ಕಳನ್ನು ಪೂರ್ತಿ ರಿಂಕಿನಲ್ಲಿ ಆಡಿಸುವುದಿಲ್ಲ, ಅರ್ಧ ಮಂಜಿನಲ್ಲಿ ಅಥವಾ ಅಡ್ಡಕ್ಕೆ ಆಡಿಸುತ್ತಾರೆ. "ನಮ್ಮ ಮಗುವಿಗೆ ಪೂರ್ತಿ ಜಾಗ ಕೊಡಲಿಲ್ಲ" ಎಂದು ಬೇಜಾರು ಮಾಡಿಕೊಳ್ಳುವವರನ್ನು ನೋಡಿದ್ದೇನೆ. ಜಾಗ ಸಣ್ಣದಾದರೆ ಮಗುವಿಗೆ ಪಕ್ (ಚೆಂಡಿನ ಬದಲು ಆಡುವ ಚಪ್ಪಟೆ ಬಿಲ್ಲೆ) ಜಾಸ್ತಿ ಸಿಗುತ್ತದೆ, ಅದಕ್ಕೇ ಆ ನಿಯಮ. ಮೈಮೇಲೆ ಬಿದ್ದು ತಡೆಯುವ ಬಾಡಿ ಚೆಕಿಂಗ್ ಯು13ರವರೆಗೆ ಇಲ್ಲ, 2013ರಲ್ಲೇ ನಿಲ್ಲಿಸಿದ್ದಾರೆ.

ಇದರೊಳಗೆ ಎರಡು ದಾರಿ ಇದೆ. ಹೌಸ್ ಲೀಗ್ ಅಂದರೆ ಹೆಸರು ಕೊಟ್ಟವರಿಗೆಲ್ಲ ಆಟ. ರೆಪ್ ಅಂದರೆ ಟ್ರೈಔಟ್ ಮಾಡಿ ಆರಿಸಿದ ತಂಡ, ಅದರಲ್ಲಿ ಎ, ಡಬಲ್ ಎ, ಎಲ್ಲಕ್ಕಿಂತ ಮೇಲೆ ಟ್ರಿಪಲ್ ಎ. ಜೂನಿಯರ್ ಲೀಗಿನ ಸ್ಕೌಟ್‌ಗಳು, ಅಂದರೆ ಒಳ್ಳೆಯ ಆಟಗಾರರನ್ನು ಹುಡುಕುವವರು, ಬಂದು ನೋಡುವುದು ಹೆಚ್ಚಾಗಿ ಯು15, ಯು16ರ ಟ್ರಿಪಲ್ ಎ ಪಂದ್ಯಗಳನ್ನು. ಅದಕ್ಕಾಗಿ ಒಂಬತ್ತು ವರ್ಷದ ಮಗುವನ್ನು ಟ್ರಿಪಲ್ ಎಗೆ ಸೇರಿಸಲು ಮನೆ ಮಾರಾಟಕ್ಕೆ ಇಟ್ಟು ಬೇರೆ ಊರಿಗೆ ಹೋಗುವ ಅಗತ್ಯ ಖಂಡಿತ ಇಲ್ಲ. ಆ ವಯಸ್ಸಿನಲ್ಲಿ ಸ್ಕೇಟಿಂಗ್ ಚೆನ್ನಾಗಿ ಕಲಿತರೆ ಸಾಕು. ಆಮೇಲೆ ಬೇರೆ ಏನನ್ನಾದರೂ ಕಲಿಯಬಹುದು, ಸ್ಕೇಟಿಂಗ್ ತಡವಾದರೆ ಕಷ್ಟ.

ಹುಟ್ಟಿದ ತಿಂಗಳ ಬಗ್ಗೆಯೂ ಹೇಳಬೇಕು. ನಮ್ಮ ಶಾಲೆಗಳಲ್ಲಿ ಜೂನ್ 1ರ ಲೆಕ್ಕ ಇದ್ದ ಹಾಗೆ, ಅಲ್ಲಿ ಹಾಕಿಗೆ ಜನವರಿ 1. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ಹತ್ತು ವರ್ಷದ ಮಕ್ಕಳಲ್ಲಿ ಹನ್ನೊಂದು ತಿಂಗಳು ಸಣ್ಣ ಅಂತರವಾ? ದೊಡ್ಡ ಮೈಯವನು ಮೊದಲು ಆಯ್ಕೆಯಾಗುತ್ತಾನೆ, ಅವನಿಗೆ ಒಳ್ಳೆಯ ಕೋಚ್ ಸಿಗುತ್ತಾರೆ, ಮಂಜಿನ ಮೇಲೆ ಸಮಯ ಜಾಸ್ತಿ ಸಿಗುತ್ತದೆ, ಮುಂದಿನ ವರ್ಷ ಅವನು ನಿಜವಾಗಿಯೂ ಮುಂದಿರುತ್ತಾನೆ. ಮೇಲಿನ ಲೀಗುಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಎಂದು ಕೆನಡಾದ ಮನಃಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಜೊತೆಗಾರರು 1985ರಲ್ಲೇ ತೋರಿಸಿದ್ದರು. ನಿಮ್ಮ ಮಗು ನವೆಂಬರಿನದ್ದಾದರೆ, ಮೊದಲ ಟ್ರೈಔಟಿನಲ್ಲಿ ಕೈಬಿಟ್ಟರೆ, ಆಟ ಬರುವುದಿಲ್ಲ ಎಂದು ತೀರ್ಮಾನಿಸಬೇಡಿ. ದಯವಿಟ್ಟು ಇನ್ನೆರಡು ವರ್ಷ ಕಾಯಿರಿ.

ಈಗ ನಮ್ಮವರಿಗೆ ಅತಿ ಹೆಚ್ಚು ತಲೆಬಿಸಿ ಆಗುವ ಜಾಗ, ಹದಿನಾಲ್ಕರಿಂದ ಹದಿನಾರರ ವಯಸ್ಸು. ಕೆನಡಿಯನ್ ಹಾಕಿ ಲೀಗ್, ಅಂದರೆ ಸಿಎಚ್‌ಎಲ್, ಮೂರು ಲೀಗುಗಳ ಕೂಟ: ಪಶ್ಚಿಮದ ಡಬ್ಲ್ಯುಎಚ್‌ಎಲ್, ಒಂಟಾರಿಯೊದ ಒಎಚ್‌ಎಲ್, ಕ್ವಿಬೆಕ್ ಮತ್ತು ಅಟ್ಲಾಂಟಿಕ್ ಕಡೆಯ ಕ್ಯುಎಂಜೆಎಚ್‌ಎಲ್. ಸಾಮಾನ್ಯವಾಗಿ 16ರಿಂದ 20 ವರ್ಷದವರು ಆಡುವ ಲೀಗುಗಳು ಇವು. ರಾಷ್ಟ್ರೀಯ ಜೂನಿಯರ್ ತಂಡದ ಬಹುಪಾಲು ಹುಡುಗರು ಬರುವುದು ಇಲ್ಲಿಂದಲೇ. ಇಲ್ಲಿಗೂ ಅರ್ಜಿ ಇಲ್ಲ, ತಂಡಗಳು ಡ್ರಾಫ್ಟಿನಲ್ಲಿ ಸರದಿ ಪ್ರಕಾರ ಹುಡುಗರ ಹೆಸರು ಕರೆಯುತ್ತವೆ. ಡಬ್ಲ್ಯುಎಚ್‌ಎಲ್ ಆ ವರ್ಷ 15 ತುಂಬುವವರನ್ನು ಕರೆಯುತ್ತದೆ, ಉಳಿದೆರಡು 16 ತುಂಬುವವರನ್ನು. 16 ತುಂಬುವ ವರ್ಷಕ್ಕಿಂತ ಮೊದಲೇ ಪೂರ್ತಿ ಸೀಸನ್ ಆಡಬೇಕಾದರೆ ವಿಶೇಷ ಅನುಮತಿ ಬೇಕು. ಆಟ ಮಾತ್ರವಲ್ಲ, ಓದು, ಮನಸ್ಸಿನ ಗಟ್ಟಿತನ ಎಲ್ಲ ನೋಡಿಯೇ ಅದನ್ನು ಕೊಡುತ್ತಾರೆ. 2005ರಲ್ಲಿ ಜಾನ್ ತವಾರೆಸ್‌ಗೆ ಮೊದಲು ಸಿಕ್ಕಿತು, ಮುಂದೆ ಕಾನರ್ ಮೆಕ್‌ಡೇವಿಡ್, ಕಾನರ್ ಬೆಡಾರ್ಡ್ ಅಂಥವರಿಗೆ. ಬೆರಳೆಣಿಕೆಯ ಹುಡುಗರು, ಅಷ್ಟೇ.

ಡ್ರಾಫ್ಟ್ ಆದ ಹುಡುಗ ಹೆಚ್ಚಾಗಿ ಮನೆ ಬಿಟ್ಟು ತಂಡದ ಊರಿಗೆ ಹೋಗಬೇಕು. ಅಲ್ಲಿ ಬಿಲೆಟ್ ಮನೆ ಎಂದು ಇರುತ್ತದೆ, ತಂಡ ಗೊತ್ತುಮಾಡಿದ ಒಂದು ಕುಟುಂಬ. ಹದಿನಾರರ ಮಗ ಅವರ ಮನೆಯಲ್ಲಿ ಇದ್ದು, ಅವರು ಬಡಿಸಿದ್ದನ್ನು ಉಂಡು, ಅದೇ ಊರಿನ ಹೈಸ್ಕೂಲಿಗೆ ಹೋಗುತ್ತಾನೆ. ಕುಚ್ಚಲಕ್ಕಿ ಗಂಜಿ ಬಿಟ್ಟಿರಲಾಗದ ಮಕ್ಕಳ ಅಮ್ಮಂದಿರಿಗೆ ಇದು ನಿಜವಾಗಿಯೂ ಕಷ್ಟ. ಸಸ್ಯಾಹಾರಿ ಮನೆಯವರಾದರೆ ಮೊದಲೇ ತಂಡದವರ ಹತ್ತಿರ ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ.

ಓದಿನ ವಿಷಯ ಗಮನವಿಟ್ಟು ಓದಿ, ಇಲ್ಲಿ ನಿಯಮ ಬದಲಾಗಿದೆ. ಮೊದಲು ಸಿಎಚ್‌ಎಲ್‌ನಲ್ಲಿ ಆಡಿದವನಿಗೆ ಅಮೆರಿಕದ ಎನ್‌ಸಿಎಎ ಕಾಲೇಜು ಹಾಕಿಯ ಬಾಗಿಲು ಮುಚ್ಚಿದ ಹಾಗೆಯೇ ಆಗುತ್ತಿತ್ತು. ಹಾಗಾಗಿ ಹದಿನೈದು ವರ್ಷದ ಹುಡುಗನ ಎದುರು ಕೂತು ಅದು ಬೇಕಾ ಇದು ಬೇಕಾ ಎಂದು ಕೇಳಬೇಕಾಗಿತ್ತು. 2024ರ ನವೆಂಬರಿನಲ್ಲಿ ಎನ್‌ಸಿಎಎ ಆ ನಿಯಮ ತೆಗೆಯಿತು, 2025ರ ಆಗಸ್ಟ್ 1ರಿಂದ ಸಿಎಚ್‌ಎಲ್‌ನಲ್ಲಿ ಆಡಿದವರೂ ಅಮೆರಿಕದ ಕಾಲೇಜು ತಂಡಕ್ಕೆ ಹೋಗಬಹುದು. ಹಳೆಯ ಅನುಭವದವರು ಈಗಲೂ ಹಳೆಯ ಮಾತನ್ನೇ ಹೇಳುತ್ತಾರೆ, ಅದನ್ನು ನಂಬಿ ನಿರ್ಧಾರ ಮಾಡಬೇಡಿ. ಇನ್ನೊಂದು, ಸಿಎಚ್‌ಎಲ್‌ನಲ್ಲಿ ಆಡಿದ ಪ್ರತಿ ಸೀಸನ್‌ಗೆ ಒಂದು ವರ್ಷದ ಕಾಲೇಜು ಸ್ಕಾಲರ್‌ಶಿಪ್ ಇದೆ. ಷರತ್ತುಗಳು ಲೀಗಿನಿಂದ ಲೀಗಿಗೆ ಬೇರೆ, ಸಹಿ ಹಾಕುವ ಮೊದಲು ಕೂತು ಓದಿ.

ಇನ್ನು ದೇಶದ ತಂಡ. ಇದು ಯು17, ಯು18, ಯು20 ಎಂದು ಮೂರು ಹಂತ. ಮೊದಲು ಯು17 ಕ್ಯಾಂಪ್ ಮತ್ತು ವರ್ಲ್ಡ್ ಅಂಡರ್-17 ಚಾಲೆಂಜ್, ಇದರಲ್ಲಿ ಕೆನಡಾ ಒಂದಕ್ಕಿಂತ ಹೆಚ್ಚು ತಂಡ ಇಳಿಸುತ್ತದೆ, ಹೊಸ ಹುಡುಗರನ್ನು ನೋಡಲಿಕ್ಕೆಂದೇ. ಆಮೇಲೆ ಯು18ಕ್ಕೆ ಆಗಸ್ಟಿನಲ್ಲಿ ಹ್ಲಿಂಕಾ ಗ್ರೆಟ್ಜ್ಕಿ ಕಪ್, ಏಪ್ರಿಲಿನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಏಪ್ರಿಲಿನಲ್ಲಿ ಸಿಎಚ್‌ಎಲ್ ಪ್ಲೇಆಫ್ ನಡೆಯುತ್ತಿರುವುದರಿಂದ, ಸೋತು ಹೊರಬಿದ್ದ ತಂಡಗಳ ಹುಡುಗರು ಮಾತ್ರ ಸಿಗುತ್ತಾರೆ. ಹಾಗಾಗಿ ಆ ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ಹುಡುಗ ಕಡಿಮೆ ಎಂದು ಅರ್ಥ ಮಾಡಬೇಡಿ. ಅವನ ತಂಡ ಗೆಲ್ಲುತ್ತಾ ಇರಬಹುದು.

ಎಲ್ಲರೂ ಕನಸು ಕಾಣುವುದು ಯು20, ಟಿವಿಯಲ್ಲಿ ವರ್ಲ್ಡ್ ಜೂನಿಯರ್ಸ್ ಎಂದು ತೋರಿಸುವ ಟೂರ್ನಿ. ಡಿಸೆಂಬರ್ 26ಕ್ಕೆ ಶುರು, ಜನವರಿ ಮೊದಲ ವಾರ ಮುಗಿಯುತ್ತದೆ. ಆ ಡಿಸೆಂಬರ್ 31ಕ್ಕೆ 20 ತುಂಬಿರಬಾರದು. ಸ್ಕೌಟ್‌ಗಳು ವರ್ಷವಿಡೀ ಲೀಗ್ ಪಂದ್ಯ ನೋಡಿ ಪಟ್ಟಿ ಮಾಡುತ್ತಾರೆ, ಬೇಸಿಗೆಯಲ್ಲಿ ಒಂದು ಕ್ಯಾಂಪ್ ಆಗುತ್ತದೆ, ಶರತ್ಕಾಲದ ಪಂದ್ಯಗಳಲ್ಲಿ ಪಟ್ಟಿ ಮೇಲೆ ಕೆಳಗೆ ಆಗುತ್ತದೆ, ಡಿಸೆಂಬರಿನಲ್ಲಿ ಕೊನೆಯ ಕ್ಯಾಂಪಿಗೆ ಕರೆದು 25 ಜನರನ್ನು ಉಳಿಸಿಕೊಳ್ಳುತ್ತಾರೆ. ಅದರಲ್ಲಿ ಮೂವರು ಗೋಲಿಗಳು. ಬೇಸಿಗೆಯ ಕ್ಯಾಂಪಿಗೆ ಹೋದವನು ಡಿಸೆಂಬರಿನಲ್ಲಿ ಇಲ್ಲದಿರುವುದು, ಬೇಸಿಗೆಯಲ್ಲಿ ಕರೆಯದವನು ಕೊನೆಗೆ ಆಯ್ಕೆ ಆಗುವುದು, ಎರಡೂ ನಡೆಯುತ್ತದೆ.

ಅತಿ ಹೆಚ್ಚು ಗೋಲು ಹೊಡೆದ 22 ಜನರನ್ನು ತೆಗೆದುಕೊಳ್ಳುತ್ತಾರೆ ಎಂದು ನಮ್ಮವರು ಅಂದುಕೊಳ್ಳುತ್ತಾರೆ. ಮೇಳ ಕಟ್ಟುವ ಯಜಮಾನರು ಬರೀ ರಾಜವೇಷದವರನ್ನೇ ತುಂಬಿಸಿಕೊಂಡರೆ ಆಟ ನಡೆಯುತ್ತದಾ? ಬಣ್ಣದ ವೇಷ ಬೇಕು, ಸ್ತ್ರೀವೇಷ ಬೇಕು, ಹಾಸ್ಯಗಾರ ಬೇಕು. ಹಾಗೆಯೇ ಇಲ್ಲೂ ಎದುರಾಳಿಯ ಒಳ್ಳೆಯ ಸಾಲನ್ನು ತಡೆಯುವವನು ಬೇಕು, ಪೆನಾಲ್ಟಿಯಲ್ಲಿ ಒಬ್ಬ ಕಡಿಮೆ ಇದ್ದಾಗ ಪಕ್ ಮುಂದೆ ಅಡ್ಡ ಬೀಳುವವನು ಬೇಕು, ಫೇಸ್‌ಆಫ್ (ಆಟ ಶುರುಮಾಡಲು ಇಬ್ಬರ ನಡುವೆ ಪಕ್ ಹಾಕುವುದು) ಗೆಲ್ಲುವವನು ಬೇಕು. ತನ್ನ ಕ್ಲಬ್ಬಿನಲ್ಲಿ ಮೊದಲ ಸಾಲಿನ ಸ್ಟಾರ್ ಆದವನು ಇಲ್ಲಿ ನಾಲ್ಕನೇ ಸಾಲಿನಲ್ಲಿ ಕೆಲವೇ ನಿಮಿಷ ಆಡಲು ಒಪ್ಪುತ್ತಾನಾ ಎಂದೂ ನೋಡುತ್ತಾರೆ. ನನಗೆ ಈ ಪದ್ಧತಿಯಲ್ಲಿ ಅತಿ ಇಷ್ಟವಾದದ್ದು ಇದೇ. ಮಗನಿಗೆ ಗೋಲು ಲೆಕ್ಕ ಹಾಕಲು ಕಲಿಸುವ ಬದಲು ಎರಡೂ ಕಡೆ ಆಡಲು ಹೇಳಿಕೊಡುವ ಕೋಚ್ ಸಿಕ್ಕಿದರೆ, ಆ ಕೋಚನ್ನು ಬಿಡಬೇಡಿ.

ಈ ಪದ್ಧತಿ ಮೊದಲಿಂದ ಹೀಗೆ ಇರಲಿಲ್ಲ. ಹಿಂದೆ ಜೂನಿಯರ್ ಕ್ಲಬ್ ಚಾಂಪಿಯನ್ ತಂಡವನ್ನೇ ಕೆಲವರನ್ನು ಸೇರಿಸಿ ಕಳಿಸುತ್ತಿದ್ದರು, ರಷ್ಯಾದವರ ಎದುರು ಸೋತು ಬರುತ್ತಿದ್ದರು. ದೇಶದ ಎಲ್ಲ ಕಡೆಯಿಂದ ಆರಿಸಿ ತಂಡ ಕಟ್ಟುವ ಪ್ರೋಗ್ರಾಂ ಆಫ್ ಎಕ್ಸಲೆನ್ಸ್ ಶುರುವಾಯಿತು, 1982ರಲ್ಲಿ ಹಾಗೆ ಹೋದ ಮೊದಲ ತಂಡವೇ ಚಿನ್ನ ಗೆದ್ದಿತು. ಇಂಥ ಆಯ್ಕೆಯಿಂದಲೂ ಪ್ರತಿ ಸಲ ಪದಕ ಬರುವುದಿಲ್ಲ, 2024 ಮತ್ತು 2025ರಲ್ಲಿ ಕ್ವಾರ್ಟರ್‌ಫೈನಲಿನಲ್ಲೇ ಜೆಕ್ ತಂಡಕ್ಕೆ ಸೋತರು. ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ಕ್ಲಬ್ ಹುಡುಗನನ್ನು ಬಿಟ್ಟುಕೊಡದಿದ್ದರೆ ಅವನು ಬರುವಂತಿಲ್ಲ. 2023ರಲ್ಲಿ 23 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸ್ ಎರಡೂ ಸೇರಿ) ಗಳಿಸಿದ ಬೆಡಾರ್ಡ್ ಮುಂದಿನ ವರ್ಷ ವಯಸ್ಸು ಇದ್ದರೂ ಶಿಕಾಗೊ ತಂಡದಲ್ಲಿದ್ದ ಕಾರಣ ಆಡಲಿಲ್ಲ.

ಹೆಣ್ಣುಮಕ್ಕಳಿಗೆ ದಾರಿ ಸ್ವಲ್ಪ ಬೇರೆ. ಅವರಿಗೆ ಯು20 ವಿಶ್ವ ಟೂರ್ನಿ ಇಲ್ಲ, ಯು18 ಇದೆ, 2008ರಿಂದ ನಡೆಯುತ್ತಿದೆ. ಇಲ್ಲಿ ಪ್ರಾಂತ್ಯದ ಯು18 ತಂಡಕ್ಕೆ ಹೆಚ್ಚು ಬೆಲೆ, ಹಾಗಾಗಿ ಪ್ರಾಂತ್ಯದ ಸಂಸ್ಥೆಯ ಕ್ಯಾಂಪ್ ದಿನಾಂಕಗಳ ಮೇಲೆ ಕಣ್ಣಿಡಿ. ಆಮೇಲೆ ಎನ್‌ಸಿಎಎ ಅಥವಾ ಕೆನಡಾದ ಯೂನಿವರ್ಸಿಟಿ ಹಾಕಿ, 2024ರಿಂದ ಪಿಡಬ್ಲ್ಯುಎಚ್‌ಎಲ್ ಎಂಬ ವೃತ್ತಿಪರ ಲೀಗೂ ಇದೆ. ಮಗಳು ರಿಂಕಿಗೆ ಹೋಗುತ್ತೇನೆ ಅಂದರೆ ಕಳಿಸಿ.

ನಮ್ಮ ಬಣ್ಣದವರಿಗೆ ಅವಕಾಶ ಸಿಗುತ್ತದಾ ಎಂದು ಮೆಲ್ಲಗೆ ಕೇಳುವವರಿದ್ದಾರೆ. ಭಾರತೀಯ ಮೂಲದ ರಾಬಿನ್ ಬಾವಾ 1989ರಲ್ಲೇ ಎನ್‌ಎಚ್‌ಎಲ್ ಆಡಿದರು. ಪಂಜಾಬ್ ಮೂಲದ ತಂದೆಯ ಮಗ ಮ್ಯಾನಿ ಮಲ್ಹೋತ್ರಾ 2000ದಲ್ಲಿ ಕೆನಡಾ ಜೂನಿಯರ್ ತಂಡದ ಕ್ಯಾಪ್ಟನ್ ಆಗಿದ್ದರು. ವ್ಯಾಂಕೂವರ್ ಹತ್ತಿರದ ಸರ್ರಿ ಊರಿನ ಅರ್ಶ್‌ದೀಪ್ ಬೇನ್ಸ್‌ರನ್ನು ಎನ್‌ಎಚ್‌ಎಲ್ ಡ್ರಾಫ್ಟಿನಲ್ಲಿ ಯಾರೂ ಕರೆಯಲಿಲ್ಲ, 2021-22ರಲ್ಲಿ ಅವರು ಡಬ್ಲ್ಯುಎಚ್‌ಎಲ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಪಾಯಿಂಟ್ ಗಳಿಸಿ ವ್ಯಾಂಕೂವರ್ ತಂಡ ಸೇರಿದರು. ದಾರಿ ಇದೆ, ಉದ್ದ ಇದೆ.

ಪಾಸ್‌ಪೋರ್ಟ್ ವಿಷಯ ಬಹಳ ಮುಖ್ಯ. ಲೀಗಿನಲ್ಲಿ ಆಡಲು ಪಿಆರ್ (ಖಾಯಂ ವಾಸದ ಅನುಮತಿ) ಸಾಕು. ದೇಶದ ತಂಡಕ್ಕೆ ಕೆನಡಾದ ಪೌರತ್ವವೇ ಬೇಕು. ಅಲ್ಲೇ ಹುಟ್ಟಿದ ಮಗುವಿಗೆ ಚಿಂತೆ ಇಲ್ಲ. ಮಂಗಳೂರಲ್ಲಿ ಹುಟ್ಟಿ ಅಪ್ಪ ಅಮ್ಮನ ಜೊತೆ ಹೋದ ಮಗುವಾದರೆ ಪೌರತ್ವ ಪಡೆಯಬೇಕು, ಮತ್ತು ಹತ್ತು ವರ್ಷ ದಾಟಿದ ಮೇಲೆ ಕೆನಡಾದ ಲೀಗುಗಳಲ್ಲಿ ಸತತ ಎರಡು ವರ್ಷವಾದರೂ ಆಡಿರಬೇಕು ಎಂದು ಅಂತಾರಾಷ್ಟ್ರೀಯ ಐಸ್ ಹಾಕಿ ಫೆಡರೇಷನ್ ಕೇಳುತ್ತದೆ. ಪೌರತ್ವ ಸಿಕ್ಕಿದ ದಿನ ಭಾರತದ ಪೌರತ್ವ ಹೋಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ (ವಿದೇಶಿ ಪೌರರಾದ ಭಾರತೀಯ ಮೂಲದವರ ಕಾರ್ಡ್) ಮಾಡಿಸಬೇಕು. ಇದನ್ನು ಇಲ್ಲಿರುವ ಅಜ್ಜ ಅಜ್ಜಿಗೆ ಮೊದಲೇ ತಿಳಿಸಿ ಹೇಳಿ, ಅವರಿಗೆ ನೋವಾಗುತ್ತದೆ.

ಖರ್ಚು ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಆರರಿಂದ ಹತ್ತು ವರ್ಷದ ಹೊಸ ಮಕ್ಕಳಿಗೆ ಫಸ್ಟ್ ಶಿಫ್ಟ್ ಎಂಬ ಆರು ವಾರದ ಕಾರ್ಯಕ್ರಮ ಇದೆ, ತಲೆಯಿಂದ ಕಾಲಿನವರೆಗಿನ ಸಾಮಾನು ಅದರಲ್ಲೇ ಬರುತ್ತದೆ. ಕಷ್ಟ ಇದ್ದವರಿಗೆ ಜಂಪ್‌ಸ್ಟಾರ್ಟ್, ಕಿಡ್‌ಸ್ಪೋರ್ಟ್ ಸಹಾಯ ಮಾಡುತ್ತವೆ, ಕೇಳಲು ನಾಚಿಕೆ ಬೇಡ. ರೆಸ್ಪೆಕ್ಟ್ ಇನ್ ಸ್ಪೋರ್ಟ್ ಎಂಬ ಆನ್‌ಲೈನ್ ಪಾಠವನ್ನು ಹೆಚ್ಚಿನ ಕಡೆ ಮನೆಯ ಒಬ್ಬ ದೊಡ್ಡವರು ಮುಗಿಸಲೇಬೇಕು. 2022ರಲ್ಲಿ ಜೂನಿಯರ್ ಆಟಗಾರರ ಮೇಲೆ ಬಂದ ಲೈಂಗಿಕ ದೌರ್ಜನ್ಯದ ಆರೋಪವನ್ನು ನಿಭಾಯಿಸಿದ ರೀತಿಗೆ ಹಾಕಿ ಕೆನಡಾದ ಮುಖ್ಯಸ್ಥರೂ ಇಡೀ ಆಡಳಿತ ಮಂಡಳಿಯೂ ಹೋಗಬೇಕಾಯಿತು. ಹಾಗಾಗಿ ಡ್ರೆಸಿಂಗ್ ರೂಮಿನಲ್ಲಿ ಏನು ನಡೆಯುತ್ತದೆ ಎಂದು ಮಕ್ಕಳ ಹತ್ತಿರ ಮಾತಾಡುತ್ತಿರಿ.

ಕೊನೆಗೆ ಟಿಕೆಟಿನ ಮಾತು. ಒಂಟಾರಿಯೊದಲ್ಲಿ ರೆಪ್ ಟ್ರೈಔಟ್ ಹೆಚ್ಚಾಗಿ ವಸಂತದಲ್ಲಿ, ಪಶ್ಚಿಮದಲ್ಲಿ ಹೆಚ್ಚಾಗಿ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ. ಊರಿನ ಮದುವೆಗೋ ಕೋಲಕ್ಕೋ ಬಜಪೆಗೆ ಟಿಕೆಟ್ ಮಾಡುವ ಮೊದಲು ನಿಮ್ಮ ಅಸೋಸಿಯೇಷನ್‌ನ ದಿನಾಂಕ ನೋಡಿ. ಟ್ರೈಔಟ್ ತಪ್ಪಿದ ಮಗುವಿಗೆ ಇನ್ನೊಂದು ದಿನ ಕೊಡುವುದು ಕೋಚ್‌ಗೆ ಬಿಟ್ಟದ್ದು, ಹೆಚ್ಚಿನವರು ಕೊಡುವುದಿಲ್ಲ.