ಹಂಗೇರಿ ಹುಡುಗಿಯರ ಎಲ್‌ಪಿ ಕಂಪ್ಯೂಟರಿಗೆ ಇಳಿಸಿದ್ದು: ನನ್ನ ಅನುಭವ

ಬುಡಾಪೆಸ್ಟ್‌ಗೆ ಕೆಲಸಕ್ಕೆ ಬಂದ ಮೇಲೆ ಹತ್ತಿಕೊಂಡ ಚಟ ಹಳೇ ಎಲ್‌ಪಿಗಳದ್ದು, ಅಂದರೆ ಹಾಡಿನ ತಟ್ಟೆಗಳದ್ದು. ಇಲ್ಲಿನ ಎಚೆರಿ ಸಂತೆಯಲ್ಲಿ ಹಂಗರೋಟಾನ್ ಕಂಪನಿಯ ರೆಕಾರ್ಡುಗಳು ಸಿಗುತ್ತವೆ. ಹಾಗೆ ಸಿಕ್ಕಿದ್ದು ಗ್ಯೋರ್ ಊರಿನ ಹುಡುಗಿಯರ ಕೋರಸ್, ಮಿಕ್ಲೋಶ್ ಸಾಬೋ ಹಾಡಿಸಿದ್ದು. ಹಾಡುಗಳು ಹಂಗೇರಿಯ ಸಂಗೀತಗಾರ ಬಾರ್ಟೋಕ್ 1935-36ರಲ್ಲಿ ಬರೆದ ಎರಡು-ಮೂರು ದನಿಯ ಪುಟ್ಟ ಕೋರಸ್‌ಗಳು. ಸಾಹಿತ್ಯ ಜಾನಪದದ್ದು, ಮಟ್ಟು ಮಾತ್ರ ಅವನದೇ. ರೊಟ್ಟಿ ಸುಡೋದು, ಹೆಣ್ಣು ನೋಡೋಕೆ ಹೋಗೋದು, ಸೋಮಾರಿಗಳ ಮೇಲೆ ಒಂದು ಹಾಡು, ಇಂಥವೇ ವಿಷಯ. ಹೆಚ್ಚಿನವು ಒಂದೆರಡು ನಿಮಿಷ, ಅಷ್ಟೇ.

ಇದನ್ನು ಕಂಪ್ಯೂಟರಿಗೆ ಇಳಿಸುವಾಗ ಒಂದು ವಿಷಯ ಚೆನ್ನಾಗಿ ಗೊತ್ತಾಯಿತು. ಸಿನಿಮಾ ಹಾಡಿನ ಎಲ್‌ಪಿಗೆ ಮಾಡೋದನ್ನೇ ಹೆಣ್ಣುಮಕ್ಕಳ ಕೋರಸ್‌ಗೆ ಮಾಡಿದರೆ ಕೆಲಸ ಕೆಡುತ್ತದೆ. ವಾದ್ಯ ಒಂದೂ ಇಲ್ಲ, ಬರೀ ದನಿ. ತಬಲಾ, ವಯಲಿನ್ ಹಿಂದೆ ಅಡಗಿಕೊಳ್ಳುವ ಚಟಪಟ ಸದ್ದು ಇಲ್ಲಿ ಅಡಗೋಕೆ ಜಾಗವೇ ಇಲ್ಲ ನೋಡಿ.

ಹಾಗಾಗಿ ಮೊದಲು ತೊಳೆಯೋದು. ಡಿಸ್ಟಿಲ್ಡ್ ವಾಟರ್, ಒಂದು ಹನಿ ಸೋಪಿನ ದ್ರವ, ಮೆತ್ತನೆ ಬ್ರಷ್. ಗ್ರೂವ್ (ಮುಳ್ಳು ಓಡುವ ಸಣ್ಣ ಗೀರು) ಹೋದ ದಿಕ್ಕಿನಲ್ಲೇ ಸುತ್ತ ಉಜ್ಜಬೇಕು, ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ. ನಡುವಿನ ಲೇಬಲ್ ಒದ್ದೆಯಾಗಬಾರದು. ಒಣಗುವವರೆಗೆ ಸುಮ್ನೆ ನಿಲ್ಲಿಸಿಡಿ, ಬಟ್ಟೆಯಲ್ಲಿ ಒರೆಸೋಕೆ ಹೋಗಬೇಡಿ.

ನಂತರ ಸ್ಪೀಡು. ನನ್ನ ಟರ್ನ್‌ಟೇಬಲ್ ಹಳೇದು, ಬೆಲ್ಟ್ ಸಡಿಲ. ಈ ಹುಡುಗಿಯರ ದನಿಯಲ್ಲಿ ಕಂಪನ ಕಡಿಮೆ, ಗೆರೆ ಎಳೆದ ಹಾಗೆ ನೇರವಾಗಿ ನಿಲ್ಲಿಸುತ್ತಾರೆ. ಅದಕ್ಕೇ ಶ್ರುತಿ ಸ್ವಲ್ಪ ಆಡಿದರೂ ಕಿವಿಗೆ ಬಡಿಯುತ್ತದೆ. ಹೊಸ ಬೆಲ್ಟ್ ಹಾಕಿ, ಸ್ಪೀಡು ನೋಡೋಕೆ ಇರುವ ಗೆರೆಗೆರೆಯ ದುಂಡು ಸ್ಟ್ರೋಬ್ ಕಾಗದವನ್ನು ಟರ್ನ್‌ಟೇಬಲ್ ಮೇಲೆ ಇಟ್ಟು ನೋಡಿದೆ. ಇಲ್ಲಿಯ ಕರೆಂಟೂ ನಮ್ಮೂರಿನ ಹಾಗೆ 50 ಹರ್ಟ್ಜ್, ಅಂದರೆ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎಲ್‌ಪಿಯ ಸ್ಪೀಡು ನಿಮಿಷಕ್ಕೆ 33⅓ ಸುತ್ತು, ಅದಕ್ಕೆ 180 ಗೆರೆ ಇರುವ ಕಾಗದ ಬೇಕು. ಗೆರೆಗಳು ನಿಂತಂತೆ ಕಂಡರೆ ಸ್ಪೀಡು ಸರಿ. ಎಲ್‌ಇಡಿ ಬಲ್ಬಿನ ಕೆಳಗೆ ಎಷ್ಟೋ ಸಲ ಗೆರೆ ಕಾಣೋದೇ ಇಲ್ಲ, ಹಳೇ ತಂತಿ ಬಲ್ಬೇ ಹುಡುಕಿ.

ನಿಜವಾದ ತಲೆನೋವು ಒಳಗಿನ ಗ್ರೂವ್. ತಟ್ಟೆಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗ್ರೂವ್ ಓಡುತ್ತದೆ, ಲೇಬಲ್ ಹತ್ತಿರ ಬಂದಾಗ 20ರ ಆಸುಪಾಸು. ಅಷ್ಟೇ ಸದ್ದು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೂರಬೇಕು. ಹಂಗೇರಿ ಭಾಷೆಯಲ್ಲೋ ಚ, ಶ, ಸಗಳದ್ದೇ ಕಾರುಬಾರು, ಅದೂ ಎಳೇ ಹೆಣ್ಣುದನಿಯಲ್ಲಿ. ಸಾಧಾರಣ ಮುಳ್ಳಿನಲ್ಲಿ ಪ್ರತಿ ಬದಿಯ ಕೊನೆಯ ಹಾಡು ಬರಬರ ಅನ್ನುತ್ತಿತ್ತು. ತೆಳು ತುದಿಯ ಮೈಕ್ರೋಲೈನ್ ಮುಳ್ಳು ಹಾಕಿದೆ, ಅದು ತಟ್ಟೆಯ ಮೇಲೆ ಒತ್ತುವ ಭಾರವನ್ನು ಕಾರ್ಟ್ರಿಜ್ (ಮುಳ್ಳು ಕೂರುವ ಪುಟ್ಟ ಡಬ್ಬಿ) ಕಂಪನಿ ಹೇಳಿದ ಮಿತಿಯೊಳಗೇ ಮೇಲಿನ ತುದಿಗೆ ಇಟ್ಟೆ. ಪೂರ್ತಿ ಹೋಗಲಿಲ್ಲ, ಕೇಳೋ ಹಾಗಾಯಿತು. ದುಡ್ಡು ಒಂದೇ ಕಡೆ ಹಾಕೋದಾದರೆ ಮುಳ್ಳಿಗೆ ಹಾಕಿ ಅಂತೀನಿ, ದುಬಾರಿ ಕೇಬಲ್ಲಿಗಲ್ಲ.

ರೆಕಾರ್ಡ್ ಮಾಡಿದ್ದು ಆಡಾಸಿಟಿ ಅನ್ನೋ ಸಾಫ್ಟ್‌ವೇರಿನಲ್ಲಿ, 24 ಬಿಟ್, 96 ಕಿಲೋಹರ್ಟ್ಜ್. ತೀರಾ ಜೋರಾದ ಕಡೆಯೂ ಮೈನಸ್ 6 ಡಿಬಿ ದಾಟದ ಹಾಗೆ. ಕೆಳಗಿನ ಸದ್ದಿನ ವಿಷಯದಲ್ಲಿ ಈ ರೆಕಾರ್ಡು ವರದಾನ. ಆಲ್ಟೋ, ಅಂದರೆ ಕೆಳದನಿಯ ಹುಡುಗಿಯರು ಎಷ್ಟೇ ಕೆಳಗಿಳಿದರೂ 170 ಹರ್ಟ್ಜ್ ಸುತ್ತಮುತ್ತ ನಿಲ್ಲುತ್ತಾರೆ. ಅಂದರೆ 80 ಹರ್ಟ್ಜ್‌ನಿಂದ ಕೆಳಗಿರೋದೆಲ್ಲ ಮೋಟಾರಿನ ಗುಡುಗುಡು, ಕರೆಂಟಿನ ಗುಂಯ್. ಧಾರಾಳವಾಗಿ ಕತ್ತರಿಸಬಹುದು. ಡಬಲ್ ಬಾಸ್ ಇರುವ ರೆಕಾರ್ಡಿನಲ್ಲಿ ಈ ಧೈರ್ಯ ಮಾಡೋಕಾಗಲ್ಲ, ಅಲ್ವಾ?

ಮೇಲಿನ ಕಡೆ ಮಾತ್ರ ಕೈ ಬಿಗಿ ಹಿಡಿಯಬೇಕು. ಚಟಪಟ ತೆಗೆಯುವ ಆಟೋಮ್ಯಾಟಿಕ್ ಫಿಲ್ಟರನ್ನು ಒಂದು ನಕಲಿನ ಮೇಲೆ ಜೋರಾಗಿ ಓಡಿಸಿ, ಕೆಳಗಿನ ಮನೆಯ ಅಜ್ಜಿಗೆ ಎರಡನ್ನೂ ಕೇಳಿಸಿದೆ. ಶಾಲೆಯಲ್ಲಿ ಹಂಗೇರಿಯ ಸಂಗೀತಗಾರ ಕೊದಾಯ್ ಹೆಸರಿನ ಪಾಠದ ಪದ್ಧತಿಯಲ್ಲೇ ಹಾಡು ಕಲಿತವರು, ಈ ಹಾಡುಗಳಲ್ಲಿ ಕೆಲವು ಈಗಲೂ ಬಾಯಲ್ಲಿವೆ. ಫಿಲ್ಟರ್ ಆದದ್ದನ್ನು ಕೇಳಿ, 'ಇದೇನಪ್ಪಾ, ಈ ಹುಡುಗಿಯರಿಗೆ ಹಲ್ಲೇ ಇಲ್ಲವಲ್ಲ' ಅಂದರು. ನಿಜವೇ. ಚಕಾರದ ಚೂಪು, ತಕಾರದ ಬಡಿತವನ್ನೆಲ್ಲ ಆ ಫಿಲ್ಟರ್ ಧೂಳೆಂದುಕೊಂಡು ನುಂಗಿತ್ತು. ಆಮೇಲೆ ಅಲೆಯ ಚಿತ್ರವನ್ನು ದೊಡ್ಡದು ಮಾಡಿಕೊಂಡು, ಸೂಜಿಯ ಹಾಗೆ ಒಂಟಿಯಾಗಿ ನಿಂತ ಗೆರೆಗಳನ್ನಷ್ಟೇ ಕೈಯಿಂದ ಒಂದೊಂದಾಗಿ ರಿಪೇರಿ ಮಾಡಿದೆ. ಬೇಜಾರಿನ ಕೆಲಸ, ಆದರೆ ಹಾಡು ಚಿಕ್ಕವಾದ್ದರಿಂದ ದಿನಕ್ಕೊಂದರಂತೆ ಮುಗಿಸಬಹುದು.

ಸರ್ ಅನ್ನುವ ಹಿನ್ನೆಲೆ ಸದ್ದನ್ನು ನಾನು ಮುಟ್ಟಲಿಲ್ಲ. ಅದನ್ನು ತೆಗೆಯಲು ಹೋದರೆ ಹಾಡು ನಿಂತ ಮೇಲೆ ಹಾಲ್‌ನಲ್ಲಿ ಉಳಿಯುವ ಗುಂಗೂ ಹೋಗುತ್ತದೆ. ಹಾಡುಗಳನ್ನು ಬೇರೆ ಬೇರೆ ಕತ್ತರಿಸುವಾಗಲೂ ಆ ಗುಂಗು ಪೂರ್ತಿ ಮುಗಿಯುವವರೆಗೆ ಕಾದು ಕತ್ತರಿಸಿ, ಸದ್ದಿನ ಗುಣ ಕೆಡದ ಫ್ಲ್ಯಾಕ್ ಫೈಲಿನಲ್ಲಿ ಉಳಿಸಿ. ಫಿಲ್ಟರ್ ಹಾಕದ ಮೂಲ ಫೈಲನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ಅಜ್ಜಿ ಪೆನ್‌ಡ್ರೈವ್‌ನಲ್ಲಿ ಹಾಕಿಸಿಕೊಂಡು ಹೋಗಿದ್ದು ಅದನ್ನೇ, ಚಟಪಟ ಸಮೇತ.