ನೋಟ್‌ಬುಕ್ ತಿದ್ದುವುದು ಹೇಗೆ? ಮಗು ಮತ್ತೆ ಬರೆಯುವ ಹಾಗೆ

ಮುಂಬಯಿಯ ಕನ್ನಡ ಶಾಲೆಗಳ ಟೀಚರುಗಳಿಗೆ ನೋಟ್‌ಬುಕ್ ತಿದ್ದುವುದು ದೊಡ್ಡ ಕೆಲಸ. ಒಂದಕ್ಕೆ ಮೂರು ನಿಮಿಷ ಅಂದರೂ 40 ಮಕ್ಕಳಿಗೆ ಎರಡು ಗಂಟೆ. ಅಷ್ಟು ಹೊತ್ತು ಕೂತು ತಿದ್ದಿದ್ದನ್ನು ಮಗು ತಿರುಗಿಯೂ ನೋಡದಿದ್ದರೆ ಶ್ರಮವೆಲ್ಲ ದಂಡ ಅಲ್ವಾ? ನೀವು ತಿದ್ದಿದ ಮೇಲೂ ಮಗುವಿಗೆ ಮಾಡಲು ಏನಾದರೂ ಉಳಿದಿರಬೇಕು.

ಏನು ನೋಡುತ್ತೀರಿ ಎಂದು ಬರೆಸುವ ಮುಂಚೆಯೇ ಹೇಳಿಬಿಡಿ. 'ಇವತ್ತು ಹ್ರಸ್ವ, ದೀರ್ಘ ಮಾತ್ರ ನೋಡುತ್ತೇನೆ' ಅಂದರೆ ಸಾಕು. ನಮ್ಮ ಮಕ್ಕಳಿಗೆ ಇದು ಬೇಕೇ ಬೇಕು. ಅವರು ಜೊತೆಗೇ ಕಲಿಯುವ ಮರಾಠಿಯಲ್ಲಿ ಎ, ಏ ಅಂತ ಬೇರೆ ಬೇರೆ ಅಕ್ಷರ ಇಲ್ಲ. ಹಾಗಾಗಿ 'ಹೊಲದಲ್ಲಿ ಬೇಳೆ ಬಂತು' ಎಂದು ಬರೆಯುತ್ತಾರೆ. ಅದನ್ನು ಹೊಡೆದುಹಾಕಿ ನೀವೇ 'ಬೆಳೆ' ಬರೆಯಬೇಡಿ. ಆ ಸಾಲಿನ ಪಕ್ಕ ಮಾರ್ಜಿನ್‌ನಲ್ಲಿ ಚುಕ್ಕೆ ಇಡಿ, ಮಗುವೇ ಹುಡುಕಲಿ. ಚಿಕ್ಕ ತರಗತಿಯವರಿಗೆ ಪದದ ಕೆಳಗೆ ಗೆರೆ ಎಳೆದು ಕೊಡಿ. ಉಳಿದ ತಪ್ಪುಗಳನ್ನು ಈ ಸಲ ಬಿಡಿ. ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಪುಟವೆಲ್ಲ ಕೆಂಪಾದರೆ ಎಲ್ಲಿಂದ ಶುರು ಮಾಡಬೇಕು ಅಂತಲೇ ಮಗುವಿಗೆ ತಿಳಿಯುವುದಿಲ್ಲ.

ಗಣಿತದಲ್ಲಿ ಉತ್ತರಕ್ಕಿಂತ ಮಗು ಹಿಡಿದ ದಾರಿ ನೋಡಿ. 503ರಲ್ಲಿ 267 ಕಳೆದು 364 ಬರೆದಿದೆ ಎನ್ನಿ. ಬಿಡಿ, ದಶಕ, ಶತಕ ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ, ಅಷ್ಟೇ. ಇಲ್ಲಿ 'ಗಮನ ಕೊಡು' ಎಂದು ಬರೆದು ಪ್ರಯೋಜನವಿಲ್ಲ. ಗಮನ ಕೊಟ್ಟೇ ಮಾಡಿದ ಲೆಕ್ಕ ಅದು. '3ರಲ್ಲಿ 7 ಕಳೆಯಲು ಆಗುತ್ತಾ? ದಶಕದಲ್ಲಿ 0 ಇದೆ, ಮತ್ತೆ ಎಲ್ಲಿಂದ ತರ್ತೀಯ?' ಎಂದು ಕೇಳಿ. ಹೊಗಳುವಾಗಲೂ ಸುಮ್ನೆ 'ಗುಡ್' ಬೇಡ, ಯಾವುದು ಚೆನ್ನಾಗಿದೆ ಎಂದು ಹೇಳಿ.

ಅಂಕ ಆಮೇಲೆ. ಶಿಕ್ಷಣ ಸಂಶೋಧಕಿ ರುತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಟಿಪ್ಪಣಿ ಸಿಕ್ಕ ಮಕ್ಕಳು ಮುಂದೆ ಸುಧಾರಿಸಿದರು. ಟಿಪ್ಪಣಿ ಜೊತೆ ಅಂಕವೂ ಸಿಕ್ಕವರಿಗೆ ಆ ಲಾಭ ಆಗಲಿಲ್ಲ. ಅಂಕ ಕಂಡ ಕೂಡಲೇ ಪಕ್ಕದವನಿಗೆ ಎಷ್ಟು ಬಂತು ಅನ್ನುವುದೇ ಜಾಸ್ತಿಯಾಗುತ್ತದೆ. ಅಂಕವನ್ನು ರಿಜಿಸ್ಟರಿನಲ್ಲಿ ಬರೆದಿಟ್ಟುಕೊಳ್ಳಿ, ಮಗು ತಿದ್ದಿಕೊಂಡ ಮೇಲೆ ಹೇಳಿ.

ಎಲ್ಲಕ್ಕಿಂತ ಮುಖ್ಯ, ನೋಟ್‌ಬುಕ್ ಹಿಂದೆ ಕೊಟ್ಟ ಪೀರಿಯಡ್‌ನಲ್ಲೇ ಹತ್ತು ನಿಮಿಷ ತಿದ್ದಿಕೊಳ್ಳಲು ಬಿಡಿ. ಮನೆಗೆ ಕಳಿಸಬೇಡಿ. ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಲೋಕಲ್ ಹಿಡಿದು ಬರುವಾಗ ರಾತ್ರಿಯಾಗಿರುತ್ತದೆ, ಕೂತು ಹೇಳಿಕೊಡುವವರು ಯಾರು? ಮಗು ಕೆಳಗೆ ಪೆನ್ಸಿಲಿನಲ್ಲಿ ಸರಿಯಾಗಿ ಬರೆಯಲಿ. ನೀವು ಬೆಂಚುಗಳ ನಡುವೆ ಓಡಾಡುತ್ತಾ ನೋಡಿ, ಸಿಕ್ಕಿಹಾಕಿಕೊಂಡವರ ಪಕ್ಕ ಕೂತು ಬಾಯಲ್ಲೇ ಹೇಳಿ.

ನಲವತ್ತೂ ಒಂದೇ ದಿನ ಬೇಡ. ದಿನಕ್ಕೆ ಹತ್ತರಂತೆ ಸರದಿ ಹಾಕಿ. ಹೊಸ ಪುಟ ತಿದ್ದುವ ಮೊದಲು ಹಿಂದಿನ ಪುಟದ ಚುಕ್ಕೆಗಳನ್ನು ನೋಡಿ. ಕಲಿಕೆಯ ಜೊತೆಜೊತೆಗೇ ನಡೆಯುವ ಆಕಾರಿಕ ಮೌಲ್ಯಮಾಪನಕ್ಕೆ ಹೇಗೂ ವರ್ಣನಾತ್ಮಕ ನೋಂದಿ, ಅಂದರೆ ಪ್ರತಿ ಮಗುವಿನ ಕಲಿಕೆ ಬಗ್ಗೆ ಮಾತಿನಲ್ಲಿ ಟಿಪ್ಪಣಿ, ಬರೆಯಲೇಬೇಕಲ್ಲ, ಅದಕ್ಕೆ ಬೇಕಾದದ್ದು ಅಲ್ಲೇ ಸಿಗುತ್ತದೆ. 'ಗಣಿತದಲ್ಲಿ ಪ್ರಗತಿ ಇದೆ' ಎಂದು ಎಲ್ಲರಿಗೂ ಒಂದೇ ಸಾಲು ಬರೆಯುವ ಬದಲು 'ದಶಕದಲ್ಲಿ ಸೊನ್ನೆ ಇದ್ದರೂ ಶತಕದಿಂದ ತಂದು ಕಳೆಯುತ್ತಾಳೆ' ಎಂದು ಬರೆಯಬಹುದು.